ಸಮವಸ್ತ್ರದ ಅಳತೆ ಯಾರದ್ದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಸೇನೆ, ನೌಕಾನೆಲೆ, ಮಾಜಿ ಸೈನಿಕರ ಮೀಸಲಾತಿ, ಪಿಂಚಣಿ – ಇವೆಲ್ಲ ಹೆಣ್ಣುಮಕ್ಕಳ ದುಡಿಮೆಯನ್ನು ಹೇಗೆ ಬದಲಿಸುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ. ಅಗ್ನಿವೀರ್ ಆಗಲೇಬೇಕೆಂಬ ಹಟ. ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಬೇಡ ಅಂತಾರೆ. ತಯಾರಿ ಹೇಗೆ? ನಾಲ್ಕು ವರ್ಷ ಕಳೆದ ಮೇಲೆ ಅವಳ ಗತಿ ಏನು?
– ತಂದೆಯೊಬ್ಬರು, ಗದಗ ಜಿಲ್ಲೆ

ಉತ್ತರ: ಭೂಸೇನೆಯಲ್ಲಿ ಅಗ್ನಿವೀರ್ ಆಗಲು ಹುಡುಗಿಯರಿಗೆ ತೆರೆದಿರುವ ಬಾಗಿಲು ಮಿಲಿಟರಿ ಪೊಲೀಸ್ ದಳದ್ದು. ಆ ದಳದ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ನಾಲ್ಕು ವರ್ಷದ ಸೇವೆಗೆ ಅಗ್ನಿವೀರರನ್ನು ತೆಗೆದುಕೊಳ್ಳುವ ಅಗ್ನಿಪಥ ಯೋಜನೆಗೂ ಮುಂಚೆ ಸೇರಿದ ಮೊದಲ ತಂಡದ 83 ಮಹಿಳೆಯರು 61 ವಾರಗಳ ತರಬೇತಿ ಮುಗಿಸಿ 2021ರ ಮೇ ತಿಂಗಳಲ್ಲಿ ಅಲ್ಲಿಂದಲೇ ಹೊರಬಂದರು. ನೌಕಾಪಡೆ, ವಾಯುಪಡೆಗಳೂ ಹುಡುಗಿಯರನ್ನು ತೆಗೆದುಕೊಳ್ಳುತ್ತವೆ. ನೌಕಾಪಡೆಯ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಮಗಳು ವಿಜ್ಞಾನದವಳಾದರೆ ಭೂಸೇನೆ, ನೌಕಾಪಡೆ ಎರಡೂ ಕಡೆ ಅರ್ಜಿ ಹಾಕಲಿ.

ಮಿಲಿಟರಿ ಪೊಲೀಸ್‌ಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಅಂಕ ಬೇಕು. ವಯಸ್ಸು ಹದಿನೇಳೂವರೆ ತುಂಬಿರಬೇಕು. ಗರಿಷ್ಠ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ. ಎತ್ತರ 162 ಸೆಂ.ಮೀ. ಅರ್ಜಿಗೆ ಮುಂಚೆ ಗೋಡೆಗೆ ಬರಿಗಾಲಲ್ಲಿ ನಿಲ್ಲಿಸಿ ಅಳೆಯಿರಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂಜೆಯ ಹೊತ್ತಿಗೆ ಎತ್ತರ ಕೊಂಚ ತಗ್ಗುತ್ತದೆ, ಅದೇ ಅಂಚಿನಲ್ಲಿದ್ದರೆ ತೊಂದರೆ. ನೌಕಾಪಡೆಯ ಮಿತಿ ಇದಕ್ಕಿಂತ ಕಡಿಮೆ.

1.6 ಕಿ.ಮೀ. ಓಟವನ್ನು 7 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರು ಮೊದಲ ಗುಂಪು, 8 ನಿಮಿಷದೊಳಗಾದರೆ ಎರಡನೆಯದು. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸುತ್ತಿಗೆ 112 ಸೆಕೆಂಡಿನ ಲೆಕ್ಕ. ಮೊದಲ ಸುತ್ತನ್ನೇ 90 ಸೆಕೆಂಡಿನಲ್ಲಿ ಓಡಿ, ಮೂರನೆಯದರಲ್ಲಿ ಪಕ್ಕೆ ಹಿಡಿದುಕೊಂಡು ನಿಲ್ಲುವುದೇ ಇಲ್ಲಿ ಕಾಣುವ ದೊಡ್ಡ ತಪ್ಪು. ಗಡಿಯಾರ ಹಿಡಿದು ನಾಲ್ಕೂ ಸುತ್ತನ್ನು ಒಂದೇ ವೇಗದಲ್ಲಿ ಓಡುವ ಅಭ್ಯಾಸವಾಗಬೇಕು. ಉದ್ದಜಿಗಿತ 10 ಅಡಿ, ಎತ್ತರ ಜಿಗಿತ 3 ಅಡಿ – ಇವೆರಡರಲ್ಲಿ ತೇರ್ಗಡೆಯಾದರೆ ಸಾಕು.

ವೈದ್ಯಕೀಯ ತಪಾಸಣೆಯಲ್ಲಿ ಹುಡುಗಿಯರು ಬೀಳಲು ರಕ್ತಹೀನತೆಯೂ ಒಂದು ಕಾರಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮೂರು ತಿಂಗಳು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬಾರದು, ಮೈಗೆ ಹತ್ತುವುದಿಲ್ಲ. ಕಿವಿಯ ಗುಗ್ಗೆ ತೆಗೆಸಿ. ಇಷ್ಟು ಸಣ್ಣದಕ್ಕೂ ತಾತ್ಕಾಲಿಕವಾಗಿ ತಿರಸ್ಕರಿಸುವುದುಂಟು. ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ಇರಬೇಕು. ನಡತೆ ಪ್ರಮಾಣಪತ್ರ, ಅವಿವಾಹಿತೆ ಎಂಬ ಪ್ರಮಾಣಪತ್ರ ಆರು ತಿಂಗಳಿಗಿಂತ ಹಳತಾಗಿರಬಾರದು. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಇದ್ದರೆ ಹೆಚ್ಚುವರಿ ಅಂಕ ಸಿಗುತ್ತದೆ.

ಇನ್ನು ಗತಿಯ ಮಾತು. ಸಂಬಳ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000 ರೂಪಾಯಿ. ಅದರಲ್ಲಿ ಶೇ 30 ಸೇವಾನಿಧಿಗೆ ಕಡಿತವಾಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ನಾಲ್ಕು ವರ್ಷದಲ್ಲಿ ಅವಳ ಪಾಲು 5.02 ಲಕ್ಷ, ಸರ್ಕಾರದ್ದು ಅಷ್ಟೇ. ಬಡ್ಡಿ ಸೇರಿ ಸುಮಾರು 11.71 ಲಕ್ಷ, ಆದಾಯ ತೆರಿಗೆ ಇಲ್ಲ. ಗರಿಷ್ಠ ಶೇ 25 ಮಂದಿಯನ್ನು ಮುಂದುವರಿಸುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ, ಗ್ರಾಚುಟಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನವೂ ಇಲ್ಲ.

ಈ ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ನಿಯಮ ಹುಡುಗರಿಗೂ ಇದೇ, ಆದರೆ ತೂಕ ಒಂದೇ ಅಲ್ಲ. ಹುಡುಗ 22ಕ್ಕೆ ಊರಿಗೆ ಬಂದರೆ ಮುಂದಿನ ಕೆಲಸ ಯಾವುದು ಅಂತ ಕೇಳುತ್ತಾರೆ. ಹುಡುಗಿ ಬಂದರೆ ಮದುವೆ ಯಾವಾಗ ಅಂತ. ಆದ್ದರಿಂದ ಎರಡು ಕೆಲಸ ಈಗಲೇ ಮಾಡಿ. ಸೇವೆಯಲ್ಲಿದ್ದುಕೊಂಡೇ ಪದವಿ ಓದಿಸಿ. ಅಗ್ನಿವೀರರ ತರಬೇತಿಗೆ ಅರ್ಧದಷ್ಟು ಕ್ರೆಡಿಟ್ ಕೊಡುವ ಪದವಿ ಇಗ್ನೋದಲ್ಲಿದೆ. ಸೇವಾನಿಧಿಯ ಹಣ ಅವಳೊಬ್ಬಳ ಹೆಸರಿನ ಖಾತೆಗೆ ಬರಲಿ. ಅದು ಕಲ್ಯಾಣ ಮಂಟಪದ ಬಾಡಿಗೆಗೂ ಚಿನ್ನಕ್ಕೂ ಹೋಗುವುದಾದರೆ, ಅಜ್ಜಿ ಹೇಳಿದ್ದೇ ಸರಿ ಎಂದಾಗುತ್ತದೆ.

ಪ್ರಶ್ನೆ: ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ (ನಿವೃತ್ತಿಯವರೆಗಿನ ಸೇವೆ) ಕೊಡಿ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿತ್ತು. 2021ರಲ್ಲಿ ಮತ್ತೆ ಕೋರ್ಟಿಗೆ ಹೋಗಬೇಕಾದದ್ದು ಏಕೆ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲ ತೀರ್ಪು ಬಾಗಿಲು ತೆರೆಯಿತು, ಒಳಗೆ ಬಿಡುವ ಅಳತೆಗೋಲು ಹಳೆಯದೇ ಉಳಿದಿತ್ತು.

1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದಳಗಳಿಗೆ ಮಾತ್ರ ಮಹಿಳೆಯರಿಗೆ ಪ್ರವೇಶ. ವೈದ್ಯರು, ದಾದಿಯರನ್ನು ಬಿಟ್ಟರೆ ಅಂಥ ಅಧಿಸೂಚನೆ ಬಂದದ್ದು 1992ರಲ್ಲಿ, ಅದೂ ಐದು ವರ್ಷದ ಸೇವೆಗೆ. ಆಮೇಲೆ ಅದನ್ನು ಹಂತಹಂತವಾಗಿ 14 ವರ್ಷಕ್ಕೆ ಎಳೆದರು. ಅಧಿಕಾರಿಗೆ ಪಿಂಚಣಿ ಸಿಗಲು 20 ವರ್ಷ ಸೇವೆ ಬೇಕು. 14ಕ್ಕೂ 20ಕ್ಕೂ ನಡುವಿನ ಈ ಆರು ವರ್ಷವೇ ಇಡೀ ವ್ಯಾಜ್ಯದ ತಿರುಳು. ಇಂಥದೇ ನಿಗದಿತ ಅವಧಿಯ (ಶಾರ್ಟ್ ಸರ್ವಿಸ್) ಸೇವೆಯಲ್ಲಿದ್ದ ಗಂಡಸರಿಗೆ ಕಾಯಂ ಆಗುವ ಆಯ್ಕೆಯಿತ್ತು. ಹೆಂಗಸರು ನಲವತ್ತರ ಹೊಸ್ತಿಲಲ್ಲಿ ಪಿಂಚಣಿಯಿಲ್ಲದೆ ಹೊರನಡೆಯಬೇಕಿತ್ತು.

2008ರಲ್ಲಿ ಕಾನೂನು ಮತ್ತು ಶಿಕ್ಷಣ ವಿಭಾಗಗಳಲ್ಲಿ ಮಾತ್ರ ಕಾಯಂ ಮಾಡಿದರು. 2010ರಲ್ಲಿ ದೆಹಲಿ ಹೈಕೋರ್ಟು ಮಹಿಳೆಯರ ಪರ ತೀರ್ಪಿತ್ತಿತು. ಮೇಲ್ಮನವಿ ಹತ್ತು ವರ್ಷ ಕುಳಿತಿತ್ತು. 2020ರ ಫೆಬ್ರವರಿ 17ರಂದು, ಬಬಿತಾ ಪುನಿಯಾ ಪ್ರಕರಣದಲ್ಲಿ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ ಸರ್ಕಾರದ ವಾದ ತಳ್ಳಿಹಾಕಿತು. ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಆಜ್ಞೆ ಪಾಲಿಸಲು ಇನ್ನೂ ಸಿದ್ಧರಾಗಿಲ್ಲ ಎಂಬುದೂ ಆ ವಾದಗಳಲ್ಲಿ ಒಂದು. ತಪ್ಪು ಜವಾನರದ್ದು, ಶಿಕ್ಷೆ ಅಧಿಕಾರಿಣಿಗೆ – ಅಷ್ಟೇ ಅದರ ಅರ್ಥ.

ತೀರ್ಪಿನ ಮೇಲೆ ಆಯ್ಕೆ ಮಂಡಳಿ ಕೂತಿತು. ಎಡವಟ್ಟು ಮೂರು ಕಡೆ. ಒಂದು, ದೇಹಸ್ಥಿತಿ. ಮನಸ್ಸು, ಕಿವಿ, ಕೈಕಾಲು, ಒಟ್ಟಾರೆ ಶರೀರ, ಕಣ್ಣು ಇವೈದರಲ್ಲೂ ದೋಷವಿಲ್ಲ ಎನ್ನುವ ‘ಶೇಪ್-1’ ದರ್ಜೆ ಬೇಕೆಂದರು. ಗಂಡಸರು ಈ ಪರೀಕ್ಷೆಗೆ ನಿಂತದ್ದು ಐದರಿಂದ ಹತ್ತು ವರ್ಷದ ಸೇವೆಯಲ್ಲಿ, ಇಪ್ಪತ್ತೈದು–ಮೂವತ್ತರ ವಯಸ್ಸಿಗೆ. ಮಹಿಳೆಯರನ್ನು ನಲವತ್ತು ದಾಟಿದ ಮೇಲೆ ಅದೇ ದರ್ಜೆಗೆ ನಿಲ್ಲಿಸಿದರು. ಎರಡು, ವಾರ್ಷಿಕ ಗೌಪ್ಯ ವರದಿ. ಹೇಗೂ ಕಾಯಂ ಆಗುವವರಲ್ಲ ಎಂದು ಮೇಲಧಿಕಾರಿಗಳು ಅಂದು ಉದಾಸೀನದಿಂದ ಗೀಚಿದ ವರದಿಗಳೇ ಈಗ ಅಂಕಗಳಾದವು. ಮೂರು, ಆ ಬಳಿಕ ಪಡೆದ ಪ್ರಶಸ್ತಿ, ಮಾಡಿದ ಸೇವೆಯನ್ನು ಲೆಕ್ಕಕ್ಕೇ ಹಿಡಿಯದೆ ಶೇ 60ರ ಗೆರೆ ಎಳೆದದ್ದು.

2021ರ ಮಾರ್ಚ್ 25ರ ನಿತಿಶಾ ತೀರ್ಪು ಇದನ್ನು ಪರೋಕ್ಷ ತಾರತಮ್ಯ ಎಂದು ಕರೆಯಿತು. ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ ಅದರ ಏಟು ಒಂದೇ ಪಂಗಡಕ್ಕೆ ಬಿದ್ದರೆ ಅದು ತಾರತಮ್ಯವೇ. ಉದ್ದೇಶ ಇತ್ತೆಂದು ಸಾಬೀತು ಮಾಡಬೇಕಾಗಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಈ ತೀರ್ಪಿಗೇ ಹೆಚ್ಚು ಜಾಗ ಕೊಡಿ. ಖಾಸಗಿ ಕಂಪನಿಯ ಬಡ್ತಿ ವ್ಯಾಜ್ಯದಲ್ಲೂ ವಾದಕ್ಕೆ ಒದಗುವ ತತ್ವ ಇದು. ಫಲ ಕಂಡದ್ದೂ ಉಂಟು: 2023ರಲ್ಲಿ 108 ಮಹಿಳೆಯರು ಕರ್ನಲ್ ಹುದ್ದೆಗೆ ಆಯ್ಕೆಯಾದರು, ಅದೇ ವರ್ಷ ಫಿರಂಗಿ ದಳಕ್ಕೂ ಮಹಿಳಾ ಅಧಿಕಾರಿಗಳು ಬಂದರು. ಪದಾತಿದಳ, ಟ್ಯಾಂಕ್ ದಳದಂಥವು ಮಾತ್ರ ಇನ್ನೂ ಮುಚ್ಚಿವೆ.

ಪ್ರಶ್ನೆ: ಸೀಬರ್ಡ್ ನೌಕಾನೆಲೆ ಬಂದ ಮೇಲೆ ನಮ್ಮ ಕಡೆ ಗಂಡಸರಿಗೆ ಅಲ್ಪಸ್ವಲ್ಪ ಕೆಲಸ ಸಿಕ್ಕಿತು. ಮೀನು ಮಾರುತ್ತಿದ್ದ ಹೆಂಗಸರು ಮನೆಯಲ್ಲಿ ಕೂತರು. ಪರಿಹಾರ ಬಂದರೂ ಹೀಗೇಕೆ?
– ಓದುಗರೊಬ್ಬರು, ಕಾರವಾರ

ಉತ್ತರ: 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಯೋಜನೆ ಇದು. ಅದರಡಿ ಕಟ್ಟಿದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಕಾರವಾರ–ಅಂಕೋಲಾ ನಡುವಿನ ಕರಾವಳಿಯಲ್ಲಿ 11 ಸಾವಿರ ಎಕರೆಗೂ ಹೆಚ್ಚು ಜಾಗ ಹೋಯಿತು, ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳು ಎದ್ದವು.

ಪರಿಹಾರ ಕೊಟ್ಟದ್ದು 1894ರ ಭೂಸ್ವಾಧೀನ ಕಾಯ್ದೆಯಡಿ. ಆ ಕಾಯ್ದೆಯ ಕಣ್ಣಿಗೆ ಬೀಳುವುದು ಜಮೀನು, ಮನೆ, ಮರ. ಪಹಣಿಯಲ್ಲಿ ಹೆಸರು ಹೆಚ್ಚಾಗಿ ಗಂಡಸಿನದು. ಒಣಮೀನು ಹರಡಲು ಬೇಕಾದ ಮರಳದಂಡೆ ಯಾರ ಪಹಣಿಯಲ್ಲೂ ಇರುವುದಿಲ್ಲ, ಆದರೆ ಮೀನುಗಾರ್ತಿಯ ಮಟ್ಟಿಗೆ ಅದು ಕಾರ್ಖಾನೆಯಷ್ಟೇ ಮುಖ್ಯ. ರಂಪಣಿ ಬಲೆ ಎಳೆಯಲು ತೆರೆದ ದಂಡೆ ಬೇಕು; ಎಳೆದ ಮೇಲೆ ಅಲ್ಲೇ ಪಾಲು ಹಂಚಿ, ಬುಟ್ಟಿ ತುಂಬಿ, ಹೆಂಗಸರು ತಲೆಹೊರೆಯಲ್ಲಿ ಪೇಟೆಗೆ ಒಯ್ಯುತ್ತಿದ್ದರು. ಬಂಡವಾಳ ಬೇಡ, ಸಾಲವೂ ಬೇಡ. ದೋಣಿ ದೂರದ ಬಂದರಿಗೆ ಸರಿದರೆ ಮೀನು ಹರಾಜಿಗೆ ಬೀಳುತ್ತದೆ. ಅಲ್ಲಿ ರೊಕ್ಕ ಕೈಯಲ್ಲಿರಬೇಕು, ಮಂಜುಗಡ್ಡೆ, ಟೆಂಪೊ ಇಟ್ಟುಕೊಂಡ ವ್ಯಾಪಾರಿಯ ಎದುರು ಕೂಗಬೇಕು. ಪುನರ್ವಸತಿ ಕಾಲನಿಯಿಂದ ಅಲ್ಲಿಗೆ ನಸುಕಿನಲ್ಲಿ ಬಸ್ಸೂ ಬೇಕು. ಹೀಗೆ ಯಾರೂ ‘ಕೆಲಸದಿಂದ ತೆಗೆಯದೆ’ ಕೆಲಸ ಹೋಗುತ್ತದೆ. ಅದು ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

2013ರ ಹೊಸ ಭೂಸ್ವಾಧೀನ ಕಾಯ್ದೆ ಇದನ್ನು ಬಹುಮಟ್ಟಿಗೆ ತಿದ್ದಿದೆ. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಜಾಗ, ನೀರನ್ನು ನಂಬಿ ಬದುಕಿದವರೂ ‘ಬಾಧಿತ ಕುಟುಂಬ’. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು ಪ್ರತ್ಯೇಕ ಕುಟುಂಬ. ಕುಟುಂಬಕ್ಕೊಂದು ಉದ್ಯೋಗ, ಇಲ್ಲವೇ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಆದರೆ ಕಾಯ್ದೆಯಲ್ಲೊಂದು ಕಿಂಡಿಯಿದೆ. ‘ದೇಶದ ರಕ್ಷಣೆ’ಗೆಂದು 40ನೇ ಸೆಕ್ಷನ್‌ನ ತುರ್ತು ಅಧಿಕಾರ ಬಳಸಿದರೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೇ ಕೈಬಿಡಬಹುದು. ಹೆಂಗಸರ ದುಡಿಮೆ ಲೆಕ್ಕಕ್ಕೆ ಬರುವುದು ಆ ಅಧ್ಯಯನದಲ್ಲೇ. ಮಿಲಿಟರೀಕರಣ ಎಂದರೆ ಬರೀ ಬಂದೂಕಲ್ಲ ಎನ್ನುವುದು ಇದಕ್ಕೇ.

ಈಗ ಮಾಡಬಹುದಾದದ್ದು ಎರಡು. ರಾಜ್ಯದ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರಿಗೆ ಶೇ 5 ಸಮತಲ (ಆಯಾ ಪ್ರವರ್ಗದ ಒಳಗೇ ಎಣಿಸುವ) ಮೀಸಲಾತಿ ಇದೆ. ಹೆಣ್ಣುಮಕ್ಕಳ ಹೆಸರಿಗೂ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ಮುಗಿದಿರುತ್ತದೆ. ಎರಡನೆಯದು, ಕಾರವಾರದ ನೌಕಾ ಹಡಗು ದುರಸ್ತಿ ಅಂಗಳದ ಅಪ್ರೆಂಟಿಸ್ ಆಯ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 50, ಐಟಿಐಯಲ್ಲಿ ಶೇ 65 ಕೇಳುತ್ತಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಟ್ರೇಡುಗಳಿಗೆ ಕರೆ ಬರುತ್ತದೆ, ಹೊಲಿಗೆಗೆ ಬರುವುದು ಅಪರೂಪ. ಹುಡುಗಿಯರನ್ನು ಐಟಿಐಗೆ ಸೇರಿಸುವಾಗಲೇ ಇದನ್ನು ನೋಡಿ ಟ್ರೇಡ್ ಆರಿಸಿ.

ಪ್ರಶ್ನೆ: ಮಾಜಿ ಸೈನಿಕರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವುದು ಮಹಿಳೆಯರಿಗೆ ಅನ್ಯಾಯವಲ್ಲವೇ?
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಶಿವಮೊಗ್ಗ

ಉತ್ತರ: ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ತೇರ್ಗಡೆಯಾದ ಮಾಜಿ ಸೈನಿಕರೆಲ್ಲ ಪಟ್ಟಿಯಲ್ಲಿ ಇತರರಿಗಿಂತ ಮೇಲೆ. ಹೆಲೆನ್ ಫೀನಿ 1971ರ ಒಂದು ಪರೀಕ್ಷೆಯಲ್ಲಿ ಎರಡನೆಯ ಅತಿ ಹೆಚ್ಚು ಅಂಕ ಪಡೆದರೂ ಐವರು ಮಾಜಿ ಸೈನಿಕರ ಹಿಂದೆ ಆರನೆಯವರಾದರು. ಆ ರಾಜ್ಯದ ಮಾಜಿ ಸೈನಿಕರಲ್ಲಿ ಶೇ 98ಕ್ಕೂ ಹೆಚ್ಚು ಗಂಡಸರು. ಕಾರಣವೂ ಕಾನೂನಿನದೇ: ಅಮೆರಿಕದ ಸೇನೆಯಲ್ಲಿ ಮಹಿಳೆಯರ ಪ್ರಮಾಣ ಶೇ 2 ಮೀರಬಾರದೆಂಬ ಮಿತಿ 1967ರವರೆಗೂ ಇತ್ತು. ಆದರೂ 1979ರಲ್ಲಿ ಕೋರ್ಟು ನಿಯಮವನ್ನು ಎತ್ತಿಹಿಡಿಯಿತು. ಮಹಿಳೆಯರನ್ನು ಹೊರಗಿಡುವ ಉದ್ದೇಶ ಸಾಬೀತಾಗಲಿಲ್ಲ ಎಂದಿತು. ದಕ್ಷಿಣ ಕೊರಿಯಾದಲ್ಲಿ ಸೇನಾ ಸೇವೆ ಮುಗಿಸಿದವರಿಗೆ ಪರೀಕ್ಷೆಯಲ್ಲಿ ಶೇ 3ರಿಂದ 5 ಹೆಚ್ಚುವರಿ ಅಂಕ ಕೊಡುತ್ತಿದ್ದರು. ಅಲ್ಲಿನ ಸಂವಿಧಾನ ನ್ಯಾಯಾಲಯ 1999ರಲ್ಲಿ ಅದನ್ನು ರದ್ದು ಮಾಡಿತು. ಮಹಿಳೆಯರಿಗೂ ಅಂಗವಿಕಲರಿಗೂ ಆ ಅಂಕ ಎಂದೂ ಸಿಗುವಂತಿರಲಿಲ್ಲ.

ನಮ್ಮಲ್ಲಿ ಇದು ಅಷ್ಟು ಕಟುವಾಗಿಲ್ಲ. ರಾಜ್ಯದಲ್ಲಿ ಮಾಜಿ ಸೈನಿಕರಿಗೆ ಶೇ 10, ಮಹಿಳೆಯರಿಗೆ ಶೇ 33. ಎರಡೂ ಸಮತಲ ಮೀಸಲಾತಿ, ಆಯಾ ಪ್ರವರ್ಗದ ಒಳಗೇ ಲೆಕ್ಕ. ಮಾಜಿ ಸೈನಿಕರು ಸಿಗದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಇತರರಿಗೆ ಹೋಗುತ್ತದೆ. ಹಾಗಿದ್ದರೂ ನೂರಕ್ಕೆ ಆ ಹತ್ತು ಹುದ್ದೆ ಸದ್ಯಕ್ಕೆ ಬಹುಮಟ್ಟಿಗೆ ಗಂಡಸರದ್ದೇ ಎಂಬುದು ನಿಜ. ಸೇನೆಯ ಸಾಮಾನ್ಯ ಸಿಪಾಯಿ ಹುದ್ದೆ ಹೆಣ್ಣಿಗೆ ತೆರೆದದ್ದೇ ಮೊನ್ನೆ ಮೊನ್ನೆ, ಅಗ್ನಿವೀರೆಯರು ಮಾಜಿ ಸೈನಿಕರೆನಿಸುವುದೂ ಇಲ್ಲ. ಅನ್ಯಾಯ ಇರುವುದು ಮೀಸಲಾತಿಯಲ್ಲಿ ಅಲ್ಲ, ಸೇನೆಯ ಬಾಗಿಲಲ್ಲಿ.

ಒಂದು ತಪ್ಪು ಲೆಕ್ಕ ಬಹಳ ಅಭ್ಯರ್ಥಿಗಳಲ್ಲಿದೆ: ಮೆರಿಟ್‌ನಲ್ಲಿ ಬಂದ ಮಹಿಳೆಯರನ್ನು ಬಿಟ್ಟು ಮೇಲೆ ಶೇ 33 ಸಿಗುತ್ತದೆ ಅಂತ. ಹಾಗಲ್ಲ. 2007ರ ರಾಜೇಶ್ ಕುಮಾರ್ ದಾರಿಯಾ ತೀರ್ಪಿನ ಪ್ರಕಾರ, ಪ್ರವರ್ಗದೊಳಗೆ ಮೆರಿಟ್‌ನಲ್ಲಿ ಬಂದ ಮಹಿಳೆಯರನ್ನೂ ಎಣಿಸಿ, ಕೊರತೆಯಾದಷ್ಟನ್ನು ಮಾತ್ರ ತುಂಬಬೇಕು. ಕಟ್ ಆಫ್ ಊಹಿಸುವಾಗ ಇದು ನೆನಪಿರಲಿ.

ಪ್ರಶ್ನೆ: ರಕ್ಷಣಾ ವೆಚ್ಚ ಹೆಚ್ಚಿದರೆ ಮಹಿಳೆಯರಿಗೂ ಕೆಲಸ ಹೆಚ್ಚುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಹೆಚ್ಚುತ್ತದೆ, ಆದರೆ ಅದೇ ದುಡ್ಡು ಬೇರೆಡೆ ಹೋಗಿದ್ದರೆ ಹೆಚ್ಚುತ್ತಿದ್ದಷ್ಟಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ 2011ರ ಲೆಕ್ಕದಲ್ಲಿ 100 ಕೋಟಿ ಡಾಲರ್ ಸೇನೆಗೆ ಹೋದರೆ ಸುಮಾರು 11,200 ಉದ್ಯೋಗ, ಆರೋಗ್ಯಕ್ಕಾದರೆ 17,200, ಶಿಕ್ಷಣಕ್ಕಾದರೆ 26,700. ಕ್ಷಿಪಣಿ, ವಿಮಾನಗಳಿಗೆ ಹಣ ಯಂತ್ರಕ್ಕೆ, ಲೋಹಕ್ಕೆ ಹೋಗುತ್ತದೆ. ಶಾಲೆ, ಆಸ್ಪತ್ರೆಯಲ್ಲಿ ಸಂಬಳಕ್ಕೆ. ಟೀಚರು, ನರ್ಸು, ಆಶಾ ಕಾರ್ಯಕರ್ತೆಯರಾಗಿ ಹೆಣ್ಣುಮಕ್ಕಳು ತುಂಬಿರುವುದು ಈ ಎರಡನೆಯ ಕಡೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮಹಿಳೆಯರು ಕಾರ್ಖಾನೆಗೆ ನುಗ್ಗಿದರಲ್ಲ ಎಂದು ನೀವು ಕೇಳಬಹುದು. ನುಗ್ಗಿದರು, ಏಕೆಂದರೆ ಗಂಡಸರು ರಣರಂಗದಲ್ಲಿದ್ದರು; ಜೊತೆಗೆ ಲ್ಯಾನ್‌ಹ್ಯಾಮ್ ಕಾಯ್ದೆಯ ಹಣದಲ್ಲಿ ಸರ್ಕಾರವೇ ಶಿಶುವಿಹಾರ ನಡೆಸಿತು. ಯುದ್ಧ ಮುಗಿಯುತ್ತಲೇ 1946ರಲ್ಲಿ ಆ ನೆರವೂ ನಿಂತಿತು, ಲಕ್ಷಾಂತರ ಮಂದಿ ಮನೆಗೆ ಮರಳಿದರು. ನೀವು ಕೆಲಸ ಮಾಡುವ ಕಡೆ 50 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಶಿಶುಪಾಲನಾ ಕೊಠಡಿ ಕಡ್ಡಾಯ; 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಂದ ನಿಯಮ ಇದು. ಅದಿದೆಯೇ ಎಂದು ಮೊದಲು ಕೇಳಿ.

ಪ್ರಶ್ನೆ: ಗಂಡ ಸೇನೆಯಲ್ಲಿ ಹವಾಲ್ದಾರ್. ವರ್ಗಾವಣೆಯಿಂದಾಗಿ ನಾನು ಶಾಲೆಯ ಕೆಲಸ ಬಿಟ್ಟೆ. ಅವರಿಗೇನಾದರೂ ಆದರೆ ಎಂಬ ಚಿಂತೆ. ಯಾವ ಕಾಗದ ಸರಿಯಿಟ್ಟುಕೊಳ್ಳಬೇಕು?
– ಗೃಹಿಣಿ, ಮಡಿಕೇರಿ ತಾಲ್ಲೂಕು

ಉತ್ತರ: ಮೊದಲು ‘ಪಾರ್ಟ್ ಟು ಆರ್ಡರ್’. ಮದುವೆ, ಮಗುವಿನ ಜನನ ಎಲ್ಲವನ್ನೂ ಘಟಕದ ಕಚೇರಿ ಈ ಆದೇಶದ ಮೂಲಕ ಸೇವಾ ದಾಖಲೆಗೆ ಸೇರಿಸಬೇಕು. ಇದು ಆಗದಿದ್ದರೆ ಸೇನೆಯ ಕಣ್ಣಿಗೆ ನೀವು ಇಲ್ಲವೇ ಇಲ್ಲ. ಊರಿನಲ್ಲಿ ಮದುವೆಯಾಗಿ, ರಜೆ ಮುಗಿಸಿ ಹೋದವರು ವರ್ಷಗಟ್ಟಲೆ ಮರೆಯುವುದು ಇದನ್ನೇ. ಆದೇಶದ ನಕಲು ಕೇಳಿ ಮನೆಯಲ್ಲಿಡಿ. ನಿಮ್ಮ ಹೆಸರು, ಮನೆತನದ ಹೆಸರು ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯಲ್ಲಿರುವ ಹಾಗೆಯೇ ಅದರಲ್ಲೂ ಇದೆಯೇ ನೋಡಿ. ಮದುವೆಯ ನಂತರ ಮನೆತನದ ಹೆಸರು ಬದಲಿಸಿದವರಿಗೆ ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಪೋರ್ಟಲ್‌ನಲ್ಲಿ ತಡೆ ಬೀಳುವುದು ಇಲ್ಲೇ.

ಸೇನಾ ಗುಂಪು ವಿಮೆಯ ನಾಮನಿರ್ದೇಶನ ಬೇರೆ ಕಾಗದ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದ್ದರೆ ತಾನಾಗಿ ಬದಲಾಗುವುದಿಲ್ಲ. ತಾಯಿಗೂ ಪಾಲು ಇರಲಿ ಎಂದಾದರೆ ಶೇಕಡಾವಾರು ಬರೆಸಿ; ಮೊದಲೇ ಬರೆದಿಟ್ಟರೆ ಅತ್ತೆ, ಸೊಸೆ ಇಬ್ಬರಿಗೂ ನೆಮ್ಮದಿ.

ಕುಟುಂಬ ಪಿಂಚಣಿಯಲ್ಲಿ ಮೂರು ಬಗೆ. ಸಾಮಾನ್ಯ ದರ ಕೊನೆಯ ವೇತನದ ಶೇ 30. ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಇದೇ ಪಿಂಚಣಿ ಮೊದಲ ಹತ್ತು ವರ್ಷ ಶೇ 50. ಸಾವಿಗೆ ಸೇವೆಯೇ ಕಾರಣವಾದರೆ ವಿಶೇಷ ಪಿಂಚಣಿ, ಶೇ 60. ಯುದ್ಧ, ಉಗ್ರರ ದಾಳಿಯಂಥವುಗಳಲ್ಲಾದರೆ ಉದಾರೀಕೃತ ಪಿಂಚಣಿ, ಪೂರ್ತಿ ಶೇ 100. ಯಾವುದು ಎಂಬುದನ್ನು ಸಾವಿನ ವರ್ಗೀಕರಣ ನಿರ್ಧರಿಸುತ್ತದೆ. ಅದಕ್ಕೇ ತನಿಖಾ ನ್ಯಾಯಾಲಯದ (ಸೇನೆಯೊಳಗೇ ನಡೆಯುವ ‘ಕೋರ್ಟ್ ಆಫ್ ಎನ್‌ಕ್ವೈರಿ’) ವರದಿಯ ನಕಲನ್ನು ಕೇಳಿ ಪಡೆಯಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಖಾಲಿ ಕಾಗದಕ್ಕೆ, ಓದದ ಫಾರಂಗೆ ಸಹಿ ಹಾಕಬೇಡಿ, ಎಷ್ಟೇ ಆತ್ಮೀಯರು ತಂದುಕೊಟ್ಟರೂ. ಅರ್ಜಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ ನೆರವಾಗುತ್ತದೆ.

ಮರುಮದುವೆಯಾದರೆ ಎಲ್ಲವೂ ನಿಂತುಹೋಗುತ್ತದೆ ಎಂಬ ಮಾತು ಊರಲ್ಲಿ ಕೇಳಿರಬಹುದು. ಪಿಂಚಣಿಯ ಬಗೆ, ಮಕ್ಕಳಿದ್ದಾರೆಯೇ, ಅವರನ್ನು ಸಾಕುತ್ತಿರುವವರು ಯಾರು ಎಂಬುದರ ಮೇಲೆ ಅದು ನಿಂತಿದೆ, ತಾನಾಗಿ ನಿಲ್ಲುವುದಿಲ್ಲ. ಶೌರ್ಯ ಪದಕದ ಭತ್ಯೆಗೆ ಮಾತ್ರ ವಿಚಿತ್ರ ಷರತ್ತಿತ್ತು: ವಿಧವೆ ಸತ್ತ ಗಂಡನ ಸಹೋದರನನ್ನೇ ಮದುವೆಯಾದರೆ ಮುಂದುವರಿಕೆ, ಬೇರೆಯವನನ್ನಾದರೆ ಇಲ್ಲ. ರಕ್ಷಣಾ ಸಚಿವಾಲಯ ಅದನ್ನು ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ.

ನಿಮ್ಮ ಕೆಲಸದ ಬಗ್ಗೆಯೂ ಒಂದು ಮಾತು. ಬಿ.ಎಡ್. ಇದ್ದರೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯಿರಿ; ಅದರ ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆ. ರಾಜ್ಯದ ಹುದ್ದೆ ಜಿಲ್ಲೆಗೆ ಕಟ್ಟಿಹಾಕುತ್ತದೆ, ಆದರೆ ಕೇಂದ್ರೀಯ ವಿದ್ಯಾಲಯ, ಆರ್ಮಿ ಪಬ್ಲಿಕ್ ಸ್ಕೂಲುಗಳು ಬಹುತೇಕ ಎಲ್ಲ ದಂಡುಪ್ರದೇಶಗಳ ಆಸುಪಾಸಿನಲ್ಲೂ ಇವೆ. ಹಿಂದಿನ ಶಾಲೆಯಿಂದ ಅನುಭವ ಪತ್ರ, ಸಂಬಳದ ಚೀಟಿ, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಪಡೆದಿದ್ದೀರಾ? ಇಲ್ಲವಾದರೆ ಈ ವಾರವೇ ಹೋಗಿ ತನ್ನಿ. ಶಾಲೆಯ ಆಡಳಿತ ಬದಲಾದ ಮೇಲೆ ಕೊಡುವವರು ಸಿಗುವುದಿಲ್ಲ.